ಮೂರು ಕಡೆ ಒಂದೇ ಹೆಸರಿದ್ದ ಅಣಬೆ

ಅತ್ತೆ ಸೌಟಿನ ಹಿಂಬದಿಯಿಂದ ನನ್ನ ಕೈಗೆ ಹೊಡೆದಾಗ ಗಂಟೆ ಒಂಬತ್ತಾಗಿತ್ತು. ಜೋರಾದ ಹೊಡೆತವೇನಲ್ಲ. ಅಣಬೆ ಸಾರಿನಿಂದ ಒಂದು ತುಂಡು ಎತ್ತಿಕೊಳ್ಳಲು ಹೋಗಿದ್ದ ಕೈ ಹಿಂದಕ್ಕೆ ಬಂತು, ಅಷ್ಟೆ. ಆದರೆ ಈಗಲೂ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ಲ್ಯಾಬಿನಲ್ಲಿ ಕಂಪ್ಯೂಟರ್ ಮುಂದೆ ಇರುವಾಗ ಆ ಕೈ ಮತ್ತೆ ಪಾತ್ರೆಯ ಕಡೆ ಹೋಗುತ್ತದೆ, ಮತ್ತೆ ಸೌಟು ಬೀಳುತ್ತದೆ. ಕೆಲವು ಸಲ ಸೌಟು ಬೀಳುವುದಿಲ್ಲ. ಆಗ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ.

ಇದು ಎಲ್ಲಿಂದ ಶುರುವಾಯಿತು ಎಂದು ಹೇಳುವುದು ನನಗೆ ಕಷ್ಟ. ಅಣಬೆಯಿಂದ ಎನ್ನಲೇ, ನಾನು ಮುದ್ರಿಸಿ ತಂದ ಹಾಳೆಗಳಿಂದ ಎನ್ನಲೇ?

ನಮ್ಮದು ಮಾಲೂರು ತಾಲ್ಲೂಕು, ಲಕ್ಕೂರಿನ ಕಡೆ. ಓದಿದ್ದು ಕೋಲಾರದಲ್ಲಿ. ಓದು ಮುಗಿದ ಮೇಲೆ ಅಲ್ಲೇ ಒಂದು ಕಾಲೇಜಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದೆ. ಮಳೆಗಾಲದಲ್ಲಿ ನಮ್ಮ ಜನ ಕಿತ್ತು ತಿನ್ನುವ ಅಣಬೆಗಳ ಪಟ್ಟಿ ಮಾಡುವುದು ಅಲ್ಲಿನ ಕೆಲಸ. ಅಣಬೆಯ ಒಂದು ತುಂಡಿನಿಂದ ಡಿಎನ್‌ಎ ತೆಗೆದು ಬೆಂಗಳೂರಿಗೆ ಕಳಿಸಿದರೆ, ನಾಲ್ಕೇ ಅಕ್ಷರಗಳು ಹಿಂದೆಮುಂದೆಯಾಗಿ ಬರುವ ಉದ್ದನೆಯ ಸಾಲೊಂದು ಮೇಲ್‌ನಲ್ಲಿ ಬರುತ್ತದೆ. ಇಂಥ ಸಾಲುಗಳನ್ನು ಕೂಡಿಡುವ, ಯಾರು ಬೇಕಾದರೂ ತೆರೆದು ನೋಡಬಹುದಾದ ಡೇಟಾಬೇಸ್‌ಗಳಿವೆ. ನಮ್ಮ ಸಾಲನ್ನು ಅಲ್ಲಿ ಹಾಕಿದರೆ, ಅದನ್ನು ಹೋಲುವ ಸಾಲನ್ನು ಹಿಂದೆ ಯಾರಾದರೂ ಇಟ್ಟಿದ್ದಾರೆಯೇ, ಇಟ್ಟಿದ್ದರೆ ಯಾವ ಹೆಸರಿನಲ್ಲಿ ಎಂದು ತೋರಿಸುತ್ತದೆ. ಅಂಥ ದೊಡ್ಡವು ಮೂರು. ಒಂದು ಅಮೆರಿಕದಲ್ಲಿ, ಒಂದು ಯುರೋಪಿನಲ್ಲಿ, ಒಂದು ಜಪಾನಿನಲ್ಲಿ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗಿ ಹೋದದ್ದು ಶ್ರೀನಿವಾಸಪುರದ ಹತ್ತಿರದ ಹಳ್ಳಿಗೆ. ಮಾವನದು ಮಾವಿನ ತೋಟ. ಆ ಮನೆಯಲ್ಲಿ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅತ್ತೆಗೆ ಸಿಟ್ಟು ಬಂದಾಗ ಪೂರ್ತಿ ತೆಲುಗು. ಆ ಹಳ್ಳಿಯಲ್ಲಿ ಅಣಬೆಯ ವಿಷಯ ಬಂದರೆ ಎಲ್ಲರೂ ಅವಳ ಕಡೆ ಕೈ ತೋರಿಸುತ್ತಾರೆ. ಹೀಗಾಗಿ ಪ್ರಾಜೆಕ್ಟಿಗೆ ಸೇರಿದ ದಿನವೇ ನಾನು ಅವಳಿಗೆ ಫೋನ್ ಮಾಡಿದ್ದೆ.

"ಅಣಬೆ ಸಿಕ್ಕಿದ್ರೆ ನನಗೂ ಇಡು ಅತ್ತೆ. ಇಡೀದು ಬೇಡ. ಕೊಡೆಯಲ್ಲಿ ಒಂದು ತುಂಡು ಸಾಕು."

"ಒಂದು ತುಂಡಾ? ಅಷ್ಟ್ರಲ್ಲಿ ಏನ್ ಗೊತ್ತಾಗ್ತೈತೆ ನಿಂಗೆ?"

"ಎಲ್ಲಾ ಗೊತ್ತಾಗುತ್ತೆ."

ಈ ಮಾತನ್ನು ನಾನು ಆಡಿದ್ದೆ. ಅಲ್ಲಗಳೆಯುವ ಹಾಗಿಲ್ಲ.

ಮೊದಲ ಮಳೆ ಬಿದ್ದ ವಾರ ತೋಟದಲ್ಲಿ ಹುತ್ತದಿಂದ ನಾಲ್ಕು ಹೆಜ್ಜೆ ಆಚೆ, ಗೊಬ್ಬರ ಚೆಲ್ಲಿದ್ದ ಜಾಗದಲ್ಲಿ, ಬಿಳಿಯ ದೊಡ್ಡ ಅಣಬೆಗಳು ಎದ್ದವು. ಅತ್ತೆ ನೋಡಿದಳು, ಕಿತ್ತಳು, ಮನೆಗೆ ತರಲಿಲ್ಲ. ಒಂದರ ಕೊಡೆಯನ್ನು ಮುರಿದು ಕಾಗದದಲ್ಲಿ ಸುತ್ತಿ ನನಗಿಟ್ಟು ಉಳಿದದ್ದನ್ನು ಬೇಲಿಯಾಚೆ ಎಸೆದಳು. ನಾನು ಬಂದು ತೆಗೆದುಕೊಂಡು ಹೋಗುವಾಗ ಹೇಳಿದಳು:

"ಇದು ನಂಗೆ ಸರಿ ಅನ್ನಿಸ್ಲಿಲ್ಲ ಕಣೇ. ನಾವು ತಿನ್ನೋ ಹುತ್ತದ ಅಣಬೆ ಆದ್ರೆ ಕಾಲು ಭೂಮಿಯೊಳಕ್ಕೆ ಮೊಳದುದ್ದ ಇಳಿದಿರ್ತೈತೆ, ಬೇರಿನ ಥರ. ಎಳೆದ್ರೆ ಬರಲ್ಲ, ಅಗೀಬೇಕು. ಇದು ಹಂಗೇ ಕಿತ್ಕೊಂಡು ಬಂತು. ನೆತ್ತಿ ಮೇಲೆ ಮೊನೆನೂ ಇಲ್ಲ."

"ನೋಡಿ ಹೇಳ್ತೀನಿ ಬಿಡು."

ಬೇರಿನ ವಿಷಯವನ್ನು ನಾನು ಬರೆದುಕೊಳ್ಳಲಿಲ್ಲ. ನಮ್ಮ ನಮೂನೆಯಲ್ಲಿ ಊರು, ದಿನ, ತಂದವರು ಎಂದು ಮೂರು ಖಾನೆಗಳಿದ್ದವು. ಬೇರಿಗೆ ಖಾನೆ ಇರಲಿಲ್ಲ.

ಮೂರು ವಾರದ ಮೇಲೆ ಅಕ್ಷರಗಳು ಬಂದವು. ಲ್ಯಾಬಿನ ಮೇಡಂ ಮುಳಬಾಗಿಲಿನಿಂದ ದಿನವೂ ಓಡಾಡುವವರು, ಆ ವಾರ ಮನೆಯಲ್ಲಿ ಮದುವೆ ಎಂದು ರಜೆಯಲ್ಲಿದ್ದರು. ನಾನು ಒಬ್ಬಳೇ ಕೂತು ಸಾಲನ್ನು ಅಮೆರಿಕದ ಡೇಟಾಬೇಸ್‌ನಲ್ಲಿ ಹಾಕಿದೆ. ಎಲ್ಲಕ್ಕಿಂತ ಮೇಲೆ ಬಂದ ದಾಖಲೆಯಲ್ಲಿ ಹುತ್ತದ ಅಣಬೆಯ ಲ್ಯಾಟಿನ್ ಹೆಸರಿತ್ತು. ತಿನ್ನುವ ಅಣಬೆ. ಕೆಳಗೆ ಬೇರೆ ಹೆಸರುಗಳೂ ಇದ್ದವು. ನಾನು ಅಲ್ಲಿಗೆ ಇಳಿಯಲಿಲ್ಲ. ಆದರೆ ಅತ್ತೆಯ ಅನುಮಾನ ನೆನಪಿತ್ತು, ಅದಕ್ಕೇ ಇನ್ನೆರಡು ಕಡೆಯೂ ನೋಡಿಬಿಡೋಣ ಎಂದುಕೊಂಡೆ. ಯುರೋಪಿನಲ್ಲೂ ಅದೇ ಹೆಸರು. ಜಪಾನಿನಲ್ಲೂ ಅದೇ ಹೆಸರು. ಅಷ್ಟೇ ಅಲ್ಲ, ಮೂರೂ ಕಡೆ ಆ ದಾಖಲೆಗೆ ಒಂದೇ ಸಂಖ್ಯೆಯಿತ್ತು. ಆಧಾರ್ ಕಾರ್ಡಿನ ಹಾಗೆ ಆ ಜಾತಿಯ ಅಣಬೆಗೆ ಪ್ರಪಂಚವೆಲ್ಲ ಒಪ್ಪಿ ಕೊಟ್ಟ ಸಂಖ್ಯೆ ಇರಬೇಕು ಎಂದು ನಾನು ತಿಳಿದೆ. ಖುಷಿಯೂ ಆಯಿತು. ಮೂರು ಹಾಳೆ ಮುದ್ರಿಸಿ ಪಿನ್ ಹೊಡೆದೆ. ಆಮೇಲೆ ನಮ್ಮ ಸಾಲನ್ನೂ ಅದೇ ಹೆಸರು ಕೊಟ್ಟು, ಶ್ರೀನಿವಾಸಪುರ ಎಂದು ಜಾಗ ಬರೆದು, ಅಮೆರಿಕದ ಡೇಟಾಬೇಸ್‌ಗೆ ಸಲ್ಲಿಸಿದೆ. ಸಲ್ಲಿಸುವ ಕೆಲಸವನ್ನು ಮೇಡಂ ನನಗೇ ಬಿಟ್ಟಿದ್ದರು. ನನ್ನ ಮೊದಲ ಸಲ್ಲಿಕೆ ಅದು.

ಆ ವಾರ ಮತ್ತೆ ಮಳೆಯಾಗಿ ಶನಿವಾರದ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಅಣಬೆ ಎದ್ದಿತು. ಅತ್ತೆ ಫೋನ್ ಮಾಡಿದಳು. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ನಾನು ಹಾಳೆಗಳ ಸಮೇತ ಹೋದೆ.

ಅಡುಗೆಮನೆಯ ಹೊರಗೆ, ಹಳೆಯ ಪೇಪರಿನ ಮೇಲೆ, ಹಿಂದಿನ ಸಂಜೆ ಕಿತ್ತ ಬಲಿತ ಕೊಡೆಗಳನ್ನು ಅತ್ತೆ ಬೋರಲಾಗಿ ಸಾಲಾಗಿ ಇಟ್ಟಿದ್ದಳು. ಲ್ಯಾಬಿಗೆ ಒಣಗಿದ್ದೂ ಬೇಕಾಗಬಹುದು ಎಂದು. ಆ ಬೆಳಿಗ್ಗೆ ಕಿತ್ತ ಎಳೆಯವು ಮೊರದಲ್ಲಿದ್ದವು.

"ಏಮೋಮ್ಮ, ನಂಗಂತೂ ಇವತ್ತಿಗೂ ಗೊತ್ತಾಗ್ತಿಲ್ಲ," ಅಂದಳು. "ನೋಡು, ಬೇರೇ ಇಲ್ಲ."

ನಾನು ಹಾಳೆಗಳನ್ನು ಅವಳ ಮುಂದೆ ಹರಡಿದೆ. "ಅಮೆರಿಕ. ಯುರೋಪು. ಜಪಾನು. ಮೂರೂ ಕಡೆ ಹುತ್ತದ ಅಣಬೆ ಅಂತಾನೇ ಬಂದಿದೆ. ನಂಬರ್ ಸಮೇತ ಒಂದೇ. ಬೇರು ಒಂದೊಂದ್ಸಲ ಮುರಿದು ಒಳಗೇ ಉಳಿದಿರುತ್ತೆ ಅತ್ತೆ."

ಕೊನೆಯ ಮಾತು ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹಾಳೆ ಸರಿಯಿರಬೇಕಾದರೆ ಬೇರು ಮುರಿದಿರಲೇಬೇಕಿತ್ತು, ಅದಕ್ಕೆ ಮಾತಿನಲ್ಲೇ ಮುರಿದೆ.

ಅತ್ತೆ ಇಂಗ್ಲಿಷ್ ಓದಲಾರಳು. ಆದರೂ ಮೂರು ಹಾಳೆಯನ್ನೂ ಒಂದೊಂದಾಗಿ ತಿರುವಿ ನೋಡಿದಳು. ಮಾವ ಜಗಲಿಯಲ್ಲಿ ಮಾವಿನಕಾಯಿಗೆ ಕ್ರೇಟು ಜೋಡಿಸುತ್ತಿದ್ದವರು ಅಲ್ಲಿಂದಲೇ ಅಂದರು: "ಎಂ.ಎಸ್ಸಿ. ಓದವ್ಳೆ ಕಣೇ ಅವ್ಳು. ನಿನ್ ಬೇರು, ನಿನ್ ಮೊನೆ ಎಲ್ಲಾ ಆಚೆ ಇಟ್ಟು ಒಲೆ ಹಚ್ಚು. ನಂಗೆ ಹಸಿವಾಗೈತೆ."

"ನಿಮ್ಗೆ ಯಾವಾಗ್ ಹಸಿವಾಗಲ್ಲ?" ಅಂದಳು ಅತ್ತೆ. ಒಲೆ ಹಚ್ಚಿದಳು.

ಆ ಮನೆಯಲ್ಲಿ ಒಂದು ಕಟ್ಟಳೆ ಇದೆ. ಅಣಬೆಯನ್ನು ಕಿತ್ತವರು ಮೊದಲು ತಿನ್ನಬೇಕು. ಬೆಳಿಗ್ಗೆ ಅವರೊಬ್ಬರೇ ತಿಂದು, ಪಾತ್ರೆ ಮುಚ್ಚಿಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ ನೆಟ್ಟಗಿದ್ದರೆ ಉಳಿದವರಿಗೆ ಬಡಿಸಬೇಕು. ಅತ್ತೆಗೆ ಅವಳ ಅತ್ತೆ ಕಲಿಸಿದ್ದು. ಹುತ್ತದ ನಡುನೆತ್ತಿಯಿಂದ ಅಗೆದು ತಂದ ಅಣಬೆಯಾದರೂ ಸರಿ, ಅವಳು ಈ ಕಟ್ಟಳೆ ಬಿಟ್ಟವಳಲ್ಲ. ನನಗೆ ಅದು ತಮಾಷೆಯಾಗಿ ಕಂಡಿತು. ಮೂರು ಖಂಡಗಳು ಒಪ್ಪಿದ ಮೇಲೆ ಇನ್ನೆಂಥ ಕಾಯುವುದು? ಪಾತ್ರೆಗೆ ಕೈ ಹಾಕಲು ಹೋದೆ, ಸೌಟು ಬಿತ್ತು.

"ಕಿತ್ತೋಳು ನಾನು. ನೀನು ಮಧ್ಯಾಹ್ನ ತಿನ್ನೀಯಂತೆ."

ಮುದ್ದೆ ಮುರಿದು ಅಣಬೆ ಸಾರಿನಲ್ಲಿ ಅದ್ದಿ ಅವಳು ಉಂಡಳು. ನಾನು ಎದುರಿಗೆ ಕೂತು ಉಪ್ಪಿನಕಾಯಿ ನೆಂಚಿಕೊಂಡು ಮುದ್ದೆ ತಿಂದೆ. "ಹೆಂಗೈತೆ?" ಎಂದು ಮಾವ ಕೇಳಿದರು. "ಕೋಳಿ ಇದ್ದಂಗೈತೆ," ಅಂದಳು. ಮಾವ ನನ್ನ ಕಡೆ ಕಣ್ಣು ಮಿಟುಕಿಸಿದರು.

ಹನ್ನೊಂದಕ್ಕೆ ಮೊದಲೇ ಅವಳು ಹಿತ್ತಲಿಗೆ ಓಡಿದಳು. ಮೊದಲನೆಯ ವಾಂತಿಗೆ ನಾನು ಬಿಸಿಲಿಗೆ ಪಿತ್ತ ಇರಬೇಕೆಂದೆ. ಎರಡನೆಯದಕ್ಕೆ ನೀರು ಕೊಟ್ಟೆ. ಆಮೇಲೆ ಎಣಿಸುವುದನ್ನು ಬಿಟ್ಟೆ. ಭೇದಿಯೂ ನಿಲ್ಲುತ್ತಿರಲಿಲ್ಲ, ಕೈಕಾಲು ತಣ್ಣಗಾಗಿ ಸೆಳೆಯುತ್ತಿದ್ದವು. ಅವಳು ಗೋಡೆಗೆ ಒರಗಿ ಹೇಳಿದ್ದು ಒಂದೇ ಮಾತು. "ಪಾತ್ರೆ ಯಾರೂ ಮುಟ್ಟಬ್ಯಾಡ್ರಿ."

ಪಕ್ಕದ ಮನೆಯ ಚಾಚಾ ಮಾವಿನ ವ್ಯಾಪಾರದವರು, ಅವರ ಲಗೇಜ್ ಆಟೊ ಬಾಗಿಲಲ್ಲೇ ಇತ್ತು. ಕ್ರೇಟುಗಳನ್ನು ಇಳಿಸಿ, ಕಾಯಿಗೆ ಹಾಕುವ ಹುಲ್ಲನ್ನೇ ಹರಡಿ, ಅತ್ತೆಯನ್ನು ಮಲಗಿಸಿಕೊಂಡು ಶ್ರೀನಿವಾಸಪುರಕ್ಕೆ ಹೊರಟೆವು. ದಾರಿಯ ಉದ್ದಕ್ಕೂ ನಾನು ಅವಳ ತಲೆ ಹಿಡಿದುಕೊಂಡಿದ್ದೆ. ನನ್ನ ಮನಸ್ಸು ಮಾಡುತ್ತಿದ್ದ ಕೆಲಸ ನೆನೆದರೆ ಈಗ ಅಸಹ್ಯವಾಗುತ್ತದೆ. ಅಣಬೆ ಸರಿ ಇದೆ, ಹಾಗಾದರೆ ಇದು ಯಾವುದರಿಂದ ಎಂದು ಅದು ಹುಡುಕುತ್ತಿತ್ತು. ಎಣ್ಣೆಯೇ? ನೀರೇ? ನಿನ್ನೆಯ ಮೊಸರೇ?

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಡ್ರಿಪ್ ಹಾಕಿಸಿ ನನ್ನ ಕಡೆ ತಿರುಗಿದರು.

"ಯಾವ ಅಣಬೆ?"

"ಹುತ್ತದ್ದು."

"ಹುತ್ತದ್ದು ತಿಂದ್ರೆ ಹೀಗಾಗಲ್ಲಮ್ಮ. ಯಾರು ಹೇಳಿದ್ದು ಹುತ್ತದ್ದು ಅಂತ?"

ನಾನು ಹಾಳೆಗಳನ್ನು ತೆಗೆದೆ. ಹೊರಡುವ ಗಾಬರಿಯಲ್ಲಿ ಚಪ್ಪಲಿ ಮರೆತಿದ್ದೆ, ಹಾಳೆ ಮರೆತಿರಲಿಲ್ಲ. ಅವರು ಅವನ್ನು ನೋಡಲಿಲ್ಲ.

"ನೋಡಿ, ಕೆಲವು ಅಣಬೆ ಹೊಟ್ಟೆಗೆ ಬಡಿಯುತ್ತೆ. ನೀರು ಕೊಟ್ಟು ನೋಡ್ಕೊಂಡ್ರೆ ಬದುಕ್ತಾರೆ. ಕೆಲವು ಲಿವರ್‌ಗೆ ಬಡಿಯುತ್ತೆ. ಅದು ಇವತ್ತು ಗೊತ್ತಾಗಲ್ಲ. ಸುಧಾರಿಸಿದ್ರು ಅಂತ ಮನೆಗೆ ಕರ್ಕೊಂಡು ಹೋಗ್ತೀರಿ, ಎರಡು ದಿನದ ಮೇಲೆ ಕೈ ಮೀರಿರುತ್ತೆ. ಬೇಗ ವಾಂತಿ ಶುರುವಾಗಿದ್ದು ಒಂದು ಲೆಕ್ಕಕ್ಕೆ ಒಳ್ಳೇದೇ. ಆದ್ರೆ ಎರಡು ಥರದ್ದು ಬೆರೆತಿದ್ರೆ? ನನಗೆ ಹೆಸರು ಬೇಕು. ಇಲ್ಲಾಂದ್ರೆ ಈಗಲೇ ಕೋಲಾರಕ್ಕೆ ಕಳಿಸ್ತೀನಿ, ಅಲ್ಲಿಂದ ಮುಂದಕ್ಕೂ ಹೋಗಬೇಕಾಗಬಹುದು."

ಹೆಸರು ನನ್ನ ಕೈಯಲ್ಲೇ ಇತ್ತು, ಮೂರು ಪ್ರತಿ. ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ.

ಮುಳಬಾಗಿಲಿಗೆ ಫೋನ್ ಮಾಡಿದೆ. ಮದುವೆ ಮನೆಯ ಗದ್ದಲದ ನಡುವೆ ಮೇಡಂ ನನ್ನ ಮಾತು ಪೂರ್ತಿ ಕೇಳಿದರು. ಬೈಯಲಿಲ್ಲ.

"ಕಾಲಲ್ಲಿ ಉಂಗುರದ ಥರ ಇತ್ತಾ?"

"ನೋಡಲಿಲ್ಲ ಮೇಡಂ."

"ಬೇರು?"

"ಇರಲಿಲ್ಲ. ಅತ್ತೆ ಹೇಳಿದ್ದರು."

"ಬಲಿತಿದ್ದು ಯಾವುದಾದ್ರೂ ಉಳಿದಿದ್ಯಾ? ಕೊಡೆಯ ಅಡಿಯಿಂದ ಪುಡಿ ಉದುರಿರುತ್ತೆ. ಆ ಪುಡಿಯ ಬಣ್ಣ ನನಗೆ ಬೇಕು."

ಪೇಪರಿನ ಮೇಲೆ ಬೋರಲಾಗಿಟ್ಟ ಸಾಲು ನನ್ನ ಕಣ್ಣ ಮುಂದೆ ಬಂತು. ಚಾಚಾ ನನ್ನ ಮಾತು ಮುಗಿಯುವ ಮೊದಲೇ ಆಟೊ ತಿರುಗಿಸಿದ್ದರು. ಅವರು ಹೋಗಿ ಬರುವಷ್ಟು ಹೊತ್ತು ನಾನು ಅತ್ತೆಯ ಮಂಚದ ಪಕ್ಕ ನಿಂತಿದ್ದೆ. ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕಣ್ಣು ತೆರೆದಾಗ ಕೇಳಿದಳು: "ನೀನು ತಿಂದಿಲ್ಲ ತಾನೇ?" ಇಲ್ಲ ಎಂದೆ. ಮತ್ತೆ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ನಾಲ್ಕು ಸಲವೋ ಐದು ಸಲವೋ.

ಚಾಚಾ ಪೇಪರನ್ನು ಮಡಚದೆ, ಎರಡು ಕೈಯಲ್ಲೂ ತಟ್ಟೆಯಂತೆ ಹಿಡಿದು ತಂದರು. ವರಾಂಡದ ಬೆಂಚಿನ ಮೇಲಿಟ್ಟು ಒಂದು ಕೊಡೆಯನ್ನು ಮೆಲ್ಲಗೆ ಎತ್ತಿದೆ. ಪೇಪರಿನ ಖಾಲಿ ಅಂಚಿನ ಮೇಲೆ ಗೆರೆಗೆರೆಯಾಗಿ, ರಂಗೋಲಿ ಬಿಟ್ಟ ಹಾಗೆ, ಪುಡಿ ಕೂತಿತ್ತು. ಮಂಕು ಹಸಿರು.

"ಹಸಿರು ಮೇಡಂ."

"ಸರಿಯಾಗಿ ನೋಡು. ಬಿಳಿ ಅಲ್ಲ ತಾನೇ? ಎಲ್ಲಾದರ ಕೆಳಗೂ ನೋಡು."

ಒಂದೊಂದನ್ನೂ ಎತ್ತಿದೆ. ಎಲ್ಲದರ ಕೆಳಗೂ ಹಸಿರು. ಫೋಟೊ ಕಳಿಸಿದೆ. ಹುತ್ತದ ಅಣಬೆಯ ಪುಡಿ ನಸುಗೆಂಪಾಗಿರುತ್ತದೆ, ಲಿವರ್ ತಿನ್ನುವುದರ ಪುಡಿ ಬಿಳಿ, ಈ ಹಸಿರು ಪುಡಿಯದು ಹೊಟ್ಟೆಯನ್ನು ಹಿಂಡುತ್ತದೆ, ಆದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ ಎಂದು ಮೇಡಂ ಡಾಕ್ಟರಮ್ಮನಿಗೆ ಫೋನಿನಲ್ಲೇ ಹೇಳಿದರು. ಆದರೂ ಡಾಕ್ಟರಮ್ಮ ಮೂರು ದಿನ ಅಲ್ಲೇ ಇರಿಸಿಕೊಂಡು ದಿನವೂ ರಕ್ತ ನೋಡುತ್ತೇನೆ ಎಂದರು.

ಅಂದು ಸಂಜೆ ವರಾಂಡದಲ್ಲಿ ಟೀ ಕುಡಿಯುತ್ತ ಚಾಚಾ ಹಾಳೆಗಳ ಬಗ್ಗೆ ಕೇಳಿದರು. ಮೂರು ದೇಶದವರು ಒಂದೇ ಹೆಸರು ಹೇಳಿದ್ದರು, ಅದು ಹೇಗೆ ತಪ್ಪಾಯಿತೋ ಅರ್ಥವಾಗುತ್ತಿಲ್ಲ ಎಂದೆ.

"ಅರೆ ಬೇಟಾ," ಅಂದರು, "ಮೂರು ಮಂಡೀಲಿ ಒಂದೇ ರೇಟು ಹೇಳಿದ್ರೆ ನಾನು ಏನ್ ತಿಳ್ಕೊಂತೀನಿ ಗೊತ್ತಾ? ಮೂವರೂ ಬೆಳಿಗ್ಗೆ ಫೋನ್‌ನಲ್ಲಿ ಮಾತಾಡ್ಕೊಂಡವ್ರೆ ಅಂತ. ಒಬ್ಬ ಸ್ವಲ್ಪ ಜಾಸ್ತಿ, ಒಬ್ಬ ಸ್ವಲ್ಪ ಕಮ್ಮಿ ಅಂದ್ರೆ ಆವಾಗ ನಂಬ್ತೀನಿ."

ಮಾವ ಅಲ್ಲೇ ಇದ್ದರು. "ಇದನ್ನ ಬೆಳಿಗ್ಗೆನೇ ಬಂದು ಹೇಳ್ಬಾರ್ದಾಗಿತ್ತಾ ಮಾರಾಯ," ಎಂದು ನಗಲು ಹೋಗಿ ನಗಲಾರದೆ ಎದ್ದು ಹೋದರು.

ಮಾರನೆಯ ದಿನ ಮಧ್ಯಾಹ್ನ ಕೋಲಾರಕ್ಕೆ ಹೋಗಿ ಲ್ಯಾಬಿನಲ್ಲಿ ಕೂತೆ. ಜಪಾನಿನ ಡೇಟಾಬೇಸ್ ತೆರೆದು ಅತ್ತೆಯ ಅಣಬೆಯ ಸಾಲನ್ನು ಮತ್ತೆ ಹಾಕಿದೆ. ಮೇಲೆ ಹೊಸದೊಂದು ದಾಖಲೆ ಬಂತು. ಜಾಗ ಶ್ರೀನಿವಾಸಪುರ. ಸಲ್ಲಿಸಿದವರಲ್ಲಿ ನನ್ನ ಹೆಸರು. ನಾನು ಜಪಾನಿಗೆ ಏನನ್ನೂ ಕಳಿಸಿರಲಿಲ್ಲ. ಯುರೋಪಿನದನ್ನು ತೆರೆದೆ. ಅಲ್ಲಿಯೂ ನಾನಿದ್ದೆ, ಅದೇ ಸಂಖ್ಯೆಯಲ್ಲಿ.

ಆಗ ಅರ್ಥವಾಯಿತು. ಮೂರೂ ತಮ್ಮಲ್ಲಿ ಬಂದದ್ದನ್ನು ದಿನವೂ ಒಂದಕ್ಕೊಂದು ಹಂಚಿಕೊಳ್ಳುತ್ತವೆ. ಯಾವುದೇ ದೇಶದವರು ಯಾವುದೇ ಬಾಗಿಲಲ್ಲಿ ಕೊಟ್ಟರೂ ಎಲ್ಲರಿಗೂ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ. ನಾನು ಕಂಡದ್ದು ಮೂರು ಸಾಕ್ಷಿಗಳನ್ನಲ್ಲ. ಎಲ್ಲೋ ಯಾರೋ ಒಬ್ಬರು, ನನ್ನ ಹಾಗೆ ಒಂದು ತುಂಡನ್ನು ಹಿಡಿದುಕೊಂಡು, ಒಮ್ಮೆ ಬರೆದ ಹೆಸರನ್ನು ಮೂರು ಕಿಟಕಿಗಳಿಂದ ನೋಡಿದ್ದೆ. ಕೆಳಗಿದ್ದ ಬೇರೆ ಹೆಸರುಗಳ ಕಡೆಗೆ ಈಗ ಇಳಿದೆ. ಹಸಿರು ಪುಡಿಯ ಅಣಬೆಯ ಹೆಸರು ಅಲ್ಲಿ ಒಂದರ ಕೆಳಗೊಂದು ಕೂತಿತ್ತು, ಬೇರೆ ಬೇರೆ ಸಂಖ್ಯೆಗಳಲ್ಲಿ, ಬೇರೆ ಬೇರೆ ಜನ ಇಟ್ಟದ್ದು.

ಈಗ ಆ ತಪ್ಪು ಹೆಸರಿಗೆ ಎರಡನೆಯ ಸಾಕ್ಷಿ ನಾನೇ. ಮುಂದೆ ಯಾರಾದರೂ ಹುಡುಕಿದರೆ ಎರಡು ದಾಖಲೆಗಳು ಕಾಣುತ್ತವೆ, ಮೂರು ಕಡೆಯಿಂದ ಆರು ಸಲ. ಅವರ ಮನೆಯಲ್ಲಿ ಸೌಟು ಹಿಡಿದವರು ಯಾರಾದರೂ ಇರುತ್ತಾರೆಯೇ?

ಮೇಡಂ ಬಂದ ಮೇಲೆ ಇಬ್ಬರೂ ಕೂತು ನಮ್ಮ ದಾಖಲೆಗೆ ತಿದ್ದುಪಡಿ ಕಳಿಸಿದೆವು. ಹೆಸರು ಬದಲಾಯಿತು, ಕೆಲವು ದಿನದಲ್ಲಿ ತಾನಾಗಿಯೇ ಉಳಿದೆರಡು ಕಡೆಯೂ ಬದಲಾಯಿತು. ಮೊದಲಿನ ದಾಖಲೆಯನ್ನು ಮಾತ್ರ ನಾವು ಮುಟ್ಟುವಂತಿಲ್ಲ. ಸಲ್ಲಿಸಿದವರೇ ತಿದ್ದಬೇಕು. ಅದರಲ್ಲಿದ್ದ ವಿಳಾಸಕ್ಕೆ ಮೇಲ್ ಮಾಡಿದೆ, ಅಂಥ ವಿಳಾಸವೇ ಇಲ್ಲ ಎಂದು ವಾಪಸ್ ಬಂತು. ಡೇಟಾಬೇಸ್‌ನವರಿಗೆ ಬರೆದೆ. ವಿನಯದ ಉತ್ತರ ಬಂತು, ಸಲ್ಲಿಸಿದವರನ್ನು ಸಂಪರ್ಕಿಸಲು ನೋಡುತ್ತೇವೆ ಎಂದು. ನಿನ್ನೆಯೂ ತೆರೆದು ನೋಡಿದೆ. ಅದು ಅಲ್ಲೇ ಇದೆ. ಎಲ್ಲರಿಗೂ ಸಿಗಲಿ ಎಂದು ಇಟ್ಟದ್ದು ಎಲ್ಲರಿಗೂ ಸಿಗುತ್ತಿದೆ, ಇದರಲ್ಲಿ ಯಾರ ಮೇಲೆ ಸಿಟ್ಟಾಗಬೇಕೋ ನನಗೆ ಇನ್ನೂ ಗೊತ್ತಿಲ್ಲ.

ಅತ್ತೆ ನಾಲ್ಕನೆಯ ದಿನ ಮನೆಗೆ ಬಂದಳು. ರಕ್ತ ಸರಿಯಿತ್ತು. ಆದರೆ ಆಮೇಲೆ ಅವಳು ಹುತ್ತದ ಕಡೆ ಹೋಗಲಿಲ್ಲ. ಅಕ್ಕಪಕ್ಕದವರು ಅಣಬೆ ತಂದು ತೋರಿಸಿದರೆ "ನನ್ನ ಕೇಳಬ್ಯಾಡ್ರಮ್ಮ" ಎನ್ನುತ್ತಿದ್ದಳಂತೆ. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಬೇರಿಲ್ಲ ಎಂದು ಗೊತ್ತಿದ್ದೂ ಒಲೆ ಹಚ್ಚಿದೆನಲ್ಲ ಎಂದು ತನ್ನ ಮೇಲೆ ಇತ್ತು. ಅದು ನನಗೆ ಇನ್ನೂ ಕಷ್ಟವಾಯಿತು.

ಎರಡು ತಿಂಗಳ ಮೇಲೆ, ಗುಡುಗಿನ ಮಳೆಯ ಮಾರನೆಯ ಬೆಳಿಗ್ಗೆ, ನಾನು ಹೇಳದೆ ಕೇಳದೆ ಅಲ್ಲಿಗೆ ಹೋದೆ. ಅವಳನ್ನು ಎಳೆದುಕೊಂಡೇ ತೋಟಕ್ಕೆ ಹೋದೆ. ಹುತ್ತದ ಮೇಲೇ ಎದ್ದಿದ್ದವು, ನೆತ್ತಿಯ ಮೇಲೆ ಮೊನೆಯೂ ಇತ್ತು. ಅವಳು ದೂರ ನಿಂತಳು. ಚಿಕ್ಕ ಗುದ್ದಲಿ ಹಿಡಿದು ನಾನೇ ಅಗೆದೆ. ಒಂದು ಗೇಣು ಹೋಯಿತು, ಬೇರು ಮುಗಿಯಲಿಲ್ಲ. ಇನ್ನೊಂದು ಗೇಣು ಹೋಯಿತು.

"ಬೇರೈತೆ ಅತ್ತೆ. ಬಂದು ನೋಡು."

ಅವಳು ಬಂದು ಬಗ್ಗಿ, ಬೇರಿನ ಉದ್ದಕ್ಕೂ ಬೆರಳಾಡಿಸಿದಳು. ಕೊಡೆಯ ಅಡಿ ನೋಡಿದಳು. ಮೂಸಿದಳು. ಸರಿ ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಮನೆಗೆ ಬಂದು ತೊಳೆದು ಸಾರು ಮಾಡಿದಳು. ಇಳಿಸುವಾಗ ನಾನು ತಟ್ಟೆ ಮುಂದಿಟ್ಟೆ.

"ಬ್ಯಾಡ ಕಣೇ," ಅಂದಳು. "ನಾನೇ ತಿಂತೀನಿ."

"ಕಿತ್ತಿದ್ದು ನಾನು."

ಅವಳು ಸೌಟು ಎತ್ತಿಕೊಂಡಳು. ಬಡಿಸಿದಳು. ಉಂಡೆ. ರುಚಿ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ನಾನು ನಂಬಿದ್ದು ಬೇರನ್ನೋ, ಅವಳ ಬೆರಳನ್ನೋ, ಅಥವಾ ಯಾವುದನ್ನೂ ನಂಬದೆ ಸುಮ್ಮನೆ ಉಂಡೆನೋ ಅದೂ ಗೊತ್ತಿಲ್ಲ. ಅತ್ತೆ ಪಾತ್ರೆ ಮುಚ್ಚಿ, ಮುಚ್ಚಳದ ಮೇಲೆ ಸೌಟು ಇಟ್ಟು, ನನ್ನ ಎದುರಿಗೆ ಕಾಲು ಚಾಚಿ ಕೂತಳು. ಮಾವ ಹಸಿವು ಎಂದು ಕೇಳಲಿಲ್ಲ. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.